ಹಾರುವ ಮುನ್ನ ನೆಲದ ಪರೀಕ್ಷೆ

ಚಳ್ಳಕೆರೆ ಎಂದೊಡನೆ ಹಿಂದಿನ ತಲೆಮಾರಿನವರಿಗೆ ನೆನಪಾಗುತ್ತಿದ್ದುದು ಶೇಂಗಾ ಎಣ್ಣೆಯ ಗಿರಣಿಗಳು ಮತ್ತು ಕುರಿ ಉಣ್ಣೆಯ ಕಂಬಳಿ. ಮೊಳಕಾಲ್ಮುರು ಎಂದರೆ ರೇಷ್ಮೆ ಸೀರೆ. ಮಳೆಗಿಂತ ಗಾಳಿಯೇ ಧಾರಾಳವಾಗಿರುವ ಈ ಸೀಮೆಗೆ ಕಳೆದ ಕೆಲವು ವರ್ಷಗಳಲ್ಲಿ ಇನ್ನೊಂದು ಗುರುತು ಅಂಟಿಕೊಂಡಿದೆ. ಒಳಗೆ ಪೈಲಟ್ ಇಲ್ಲದ ವಿಮಾನಗಳು ಮೊದಲ ಬಾರಿ ನೆಲ ಬಿಟ್ಟೇಳುವ ಜಾಗ ಎಂಬುದೇ ಆ ಗುರುತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ವೈಮಾನಿಕ ಪರೀಕ್ಷಾ ಕ್ಷೇತ್ರ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿದೆ. 2016ರ ನವೆಂಬರ್‌ನಲ್ಲಿ ಅಲ್ಲಿಂದ ರುಸ್ತುಂ-2 ಅಥವಾ ‘ತಪಸ್’ ಎಂಬ ಎರಡು ಟನ್ ತೂಕದ ಮಾನವರಹಿತ ವಿಮಾನ ಮೊದಲ ಸಲ ಹಾರಿತು. 2017ರ ಮೇ 28ರಂದು ಕ್ಷೇತ್ರದ ವಿಧ್ಯುಕ್ತ ಉದ್ಘಾಟನೆಯಾಯಿತು. 2022ರ ಜುಲೈ 1ರಂದು ರೆಕ್ಕೆಯೇ ಮೈಯಾಗಿರುವ ಇನ್ನೊಂದು ವಿಮಾನ ಅಲ್ಲಿಯೇ ತಾನಾಗಿ ಮೇಲೇರಿ, ತಾನಾಗಿ ಇಳಿಯಿತು. 2023 ಮತ್ತು 2024ರಲ್ಲಿ ಇಸ್ರೊದ ಮರುಬಳಕೆಯ ರೆಕ್ಕೆವಾಹನ ಮೂರು ಬಾರಿ ಅದೇ ರನ್‌ವೇ ಮೇಲೆ ಇಳಿದು ತೋರಿಸಿತು.

ಇಂಥ ಸುದ್ದಿಗಳನ್ನು ಓದುವಾಗ ನಮ್ಮ ಕಣ್ಣು ಆಕಾಶದ ಕಡೆಗೆ ಹೋಗುವುದು ಸಹಜ. ಹಾರಾಟ ಕೆಲವು ನಿಮಿಷಗಳ ಘಟನೆ. ಅದರ ಹಿಂದಿರುವ ವರ್ಷಗಳ ನೆಲದ ಕೆಲಸ ಚಿತ್ರದಲ್ಲಿ ಬರುವುದಿಲ್ಲ. ಮೊದಲ ಹಾರಾಟದ ಗೆಲುವು–ಸೋಲು ಬಹುಪಾಲು ನಿರ್ಧಾರವಾಗುವುದು ಮಾತ್ರ ಚಕ್ರಗಳು ಇನ್ನೂ ಮಣ್ಣಿನ ಮೇಲಿರುವಾಗ. ಈ ಮಾತನ್ನು ಮನವರಿಕೆ ಮಾಡಿಕೊಳ್ಳಲು ಡಿಆರ್‌ಡಿಒ ಬೇಲಿಯೊಳಗೆ ಹೋಗಬೇಕಾಗಿಲ್ಲ. ಒಂದೂವರೆ ಕಿಲೋ ತೂಕದ, ಹವ್ಯಾಸಿಯೊಬ್ಬ ಕೈಯಾರೆ ಕಟ್ಟಿದ ರೇಡಿಯೊ ನಿಯಂತ್ರಿತ ವಿಮಾನವನ್ನು ಮೊದಲ ಹಾರಾಟಕ್ಕೆ ಸಿದ್ಧಪಡಿಸುವುದನ್ನು ಒಮ್ಮೆ ನೋಡಿದರೆ ಸಾಕು.

ಆಟಿಕೆಯಲ್ಲ, ಶಿಸ್ತು

ರೇಡಿಯೊ ಅಲೆಗಳಿಂದ ದೂರದ ಯಂತ್ರವನ್ನು ನಡೆಸುವ ಆಲೋಚನೆ ಹೊಸದಲ್ಲ. 1898ರಲ್ಲಿ ನಿಕೋಲ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ಹೀಗೆ ನಡೆಸಿ ಜನರನ್ನು ಬೆರಗುಗೊಳಿಸಿದ್ದ. 1930ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಗುಡ್ ಸಹೋದರರಂಥ ಹವ್ಯಾಸಿಗಳು ಅದನ್ನು ಮಾದರಿ ವಿಮಾನಗಳಿಗೆ ಅಳವಡಿಸಿದರು. ನಮ್ಮಲ್ಲಿ ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಬಾಲ್ಸಾ ಮರದ ಪಟ್ಟಿಗಳನ್ನು ಅಂಟಿಸಿ ಮಾದರಿ ವಿಮಾನ ಕಟ್ಟುವುದನ್ನು ಹಲವು ದಶಕಗಳಿಂದ ಕಲಿಯುತ್ತಿದ್ದಾರೆ. ಇಂದು ಥರ್ಮೊಕೋಲಿನಂಥ ಹಗುರ ಹಾಳೆ, ವಿದ್ಯುತ್ ಮೋಟಾರು, ಲಿಥಿಯಂ ಪಾಲಿಮರ್ ಬ್ಯಾಟರಿ, 2.4 ಗಿಗಾಹರ್ಟ್ಸ್ ರೇಡಿಯೊ ಬಂದು ಈ ಹವ್ಯಾಸದ ಖರ್ಚನ್ನು ಬಹಳ ಇಳಿಸಿವೆ. ಇಳಿಯದೆ ಉಳಿದಿರುವುದು ಅದು ಬೇಡುವ ಶಿಸ್ತು.

ಮೊದಲನೆಯ ಪರೀಕ್ಷೆ ಸಮತೋಲದ್ದು. ರೆಕ್ಕೆಯ ಅಡಿಯಲ್ಲಿ, ಮುಂಚೂಣಿಯ ಅಂಚಿನಿಂದ ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದೊಳಗೆ, ನಕ್ಷೆಯಲ್ಲಿ ಗುರುತು ಮಾಡಿದ ಜಾಗದಲ್ಲಿ ಎರಡು ಬೆರಳ ತುದಿ ಕೊಟ್ಟು ವಿಮಾನವನ್ನು ಎತ್ತಬೇಕು. ಅದು ಮಟ್ಟಸವಾಗಿ ಅಥವಾ ಮೂತಿ ತುಸುವೇ ಬಾಗಿ ನಿಲ್ಲಬೇಕು. ಬಾಲ ಕುಸಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಬೇಕು. ಅದೂ ಸಾಲದಿದ್ದರೆ ಮೂತಿಗೆ ಸೀಸದ ತುಂಡು ಸೇರಿಸಬೇಕು. ಮೂತಿ ಭಾರವಾದ ವಿಮಾನ ಹಾರಿಸುವವನನ್ನು ಸತಾಯಿಸುತ್ತದೆ, ಆದರೆ ಮನೆಗೆ ಮರಳುತ್ತದೆ. ಬಾಲ ಭಾರವಾದ ವಿಮಾನ ಮೇಲೇರುತ್ತಿದ್ದಂತೆ ಮೂತಿ ಎತ್ತಿ, ವೇಗ ಕಳೆದುಕೊಂಡು ನೆಲಕ್ಕೆ ಬೀಳುತ್ತದೆ. ಕೆಲವು ಗ್ರಾಂ ತೂಕ ಕೆಲವು ಸೆಂಟಿಮೀಟರ್ ಆಚೀಚೆ ಇರುವುದೇ ಇವೆರಡರ ನಡುವಿನ ಅಂತರ.

ಎರಡನೆಯದು ನಿಯಂತ್ರಣ ಫಲಕಗಳ ದಿಕ್ಕು. ವಿಮಾನದ ಹಿಂದೆ ನಿಂತು ಕೈಯಲ್ಲಿನ ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲ ರೆಕ್ಕೆಯ ಏಲರಾನ್ ಮೇಲಕ್ಕೂ ಎಡ ರೆಕ್ಕೆಯದು ಕೆಳಕ್ಕೂ ಹೋಗಬೇಕು. ಕಡ್ಡಿಯನ್ನು ತನ್ನೆಡೆಗೆ ಎಳೆದರೆ ಬಾಲದ ಎಲಿವೇಟರ್ ಮೇಲೇಳಬೇಕು. ಇದು ಮಕ್ಕಳಿಗೂ ತಿಳಿಯುವ ಮಾತು. ಆದರೂ ಒಂದು ತಂತಿಯನ್ನು ತಿರುವುಮುರುವಾಗಿ ಜೋಡಿಸಿಯೋ, ರೇಡಿಯೊದಲ್ಲಿ ಒಂದು ಸೆಟ್ಟಿಂಗ್ ಅದಲುಬದಲಾಗಿಯೋ ಎಷ್ಟೋ ಮಾದರಿಗಳು ಮೊದಲ ಹಾರಾಟದಲ್ಲೇ ಪುಡಿಯಾಗುತ್ತವೆ. ನಿಯಂತ್ರಣ ಫಲಕಗಳು ತಿರುವುಮುರುವಾಗಿ ಜೋಡಣೆಗೊಂಡು ದೊಡ್ಡ ವಿಮಾನಗಳೂ ಅಪಾಯಕ್ಕೆ ಸಿಲುಕಿದ್ದುಂಟು. ಫಲಕ ‘ಅಲುಗುತ್ತಿದೆಯೇ’ ಎಂದು ಕೇಳಿದರೆ ಸಾಲದು, ‘ಸರಿಯಾದ ಕಡೆಗೆ ಅಲುಗುತ್ತಿದೆಯೇ’ ಎಂದು ಕೇಳಬೇಕು.

ಮೂರನೆಯದು ರೇಡಿಯೊದ ವ್ಯಾಪ್ತಿ. ಇಂದಿನ ಟ್ರಾನ್ಸ್‌ಮಿಟರುಗಳಲ್ಲಿ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಪರೀಕ್ಷಾ ಸ್ಥಿತಿ ಇರುತ್ತದೆ. ಅದನ್ನು ಒತ್ತಿ ಹಿಡಿದು, ತಯಾರಕರು ಹೇಳಿದಷ್ಟು ಹೆಜ್ಜೆ ದೂರ ನಡೆದು, ಅಲ್ಲಿಂದಲೂ ಫಲಕಗಳು ತಡವರಿಸದೆ ಮಾತು ಕೇಳುತ್ತವೆಯೇ ಎಂದು ನೋಡಬೇಕು. ಮೋಟಾರು ನಿಂತಿರುವಾಗ ಒಮ್ಮೆ, ಓಡುತ್ತಿರುವಾಗ ಇನ್ನೊಮ್ಮೆ. ಏಕೆಂದರೆ ಮೋಟಾರಿನ ವಿದ್ಯುತ್ ಗದ್ದಲವೇ ಸಂಕೇತವನ್ನು ಕೆಡಿಸಬಹುದು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಬೋಧಪ್ರದವಾಗಿ ಕಂಡದ್ದು. ಪ್ರೊಪೆಲ್ಲರ್ ಬಿಚ್ಚಿಟ್ಟು ಮೋಟಾರು ಓಡಿಸುತ್ತ, ಟ್ರಾನ್ಸ್‌ಮಿಟರನ್ನು ಬೇಕೆಂದೇ ಆರಿಸಬೇಕು. ಸಂಪರ್ಕ ಕಡಿದ ಕೂಡಲೇ ಮೋಟಾರು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ, ಸಂಪರ್ಕ ತಪ್ಪಿದ ವಿಮಾನ ಪೂರ್ಣವೇಗದಲ್ಲಿ ಯಾರ ಮನೆಯ ಕಡೆಗಾದರೂ ಹೋಗಬಹುದು. ಎಲ್ಲವೂ ಸರಿಯಿದ್ದಾಗ ಯಂತ್ರ ಹೇಗೆ ನಡೆಯುತ್ತದೆ ಎಂಬುದಷ್ಟೇ ಅಲ್ಲ, ಎಲ್ಲವೂ ಕೈತಪ್ಪಿದಾಗ ಅದು ಯಾರಿಗೂ ಕೇಡಾಗದಂತೆ ಹೇಗೆ ವರ್ತಿಸುತ್ತದೆ ಎಂಬುದನ್ನೂ ಹಾರುವ ಮೊದಲೇ ನಿಶ್ಚಯಿಸಿಕೊಳ್ಳುವ ಪರೀಕ್ಷೆ ಇದು.

ಇವಲ್ಲದೆ ರೆಕ್ಕೆ ತಿರುಚಿಕೊಂಡಿದೆಯೇ, ಕೀಲುಗಳು ಬಿಗಿಯಾಗಿವೆಯೇ, ಪ್ರೊಪೆಲ್ಲರ್ ಮುಂದುಹಿಂದಾಗಿ ಕೂತಿದೆಯೇ, ಬ್ಯಾಟರಿ ತುಂಬಿದೆಯೇ, ಅದು ಹಾರಾಟದಲ್ಲಿ ಜಾರದಂತೆ ಪಟ್ಟಿ ಬಿಗಿದಿದೆಯೇ ಎಂಬ ಸಣ್ಣ ಪ್ರಶ್ನೆಗಳಿವೆ. ಕೊನೆಯದಾಗಿ ಗಾಳಿ. ಬಯಲುಸೀಮೆಯಲ್ಲಿ ಬಿಸಿಲೇರಿದಂತೆ ನೆಲ ಕಾದು ಗಾಳಿ ಮೇಲೇಳತೊಡಗುತ್ತದೆ. ಆದ್ದರಿಂದ ಅನುಭವಿಗಳು ಬೆಳಗಿನ ತಂಪು ಹೊತ್ತನ್ನೇ ಆರಿಸಿಕೊಳ್ಳುತ್ತಾರೆ.

ನಮ್ಮ ಬಂಧುಗಳಲ್ಲಿ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಇಂಥದೊಂದು ವಿಮಾನ ಕಟ್ಟಿದ್ದ. ಮೊಳಕಾಲ್ಮುರು ಕಡೆಯ ಬಯಲೊಂದರಲ್ಲಿ ಅವನು ಅದನ್ನು ಸಿದ್ಧಪಡಿಸುತ್ತಿದ್ದಾಗ ನಾನೂ ಪಕ್ಕದಲ್ಲಿದ್ದೆ. ಮುಕ್ಕಾಲು ಗಂಟೆಯಾದರೂ ವಿಮಾನ ನೆಲ ಬಿಡಲಿಲ್ಲ. ಇನ್ನೇನು ಬಾಕಿ ಎಂದು ಕೇಳಿದೆ. ‘ಏನೂ ಬಾಕಿ ಇಲ್ಲ ಅಂತ ಖಾತ್ರಿ ಆಗೋದೇ ಬಾಕಿ, ತಾತ’ ಎಂದ. ಅಂದು ಅವನು ಎಲಿವೇಟರಿನ ಕೀಲೊಂದು ಸಡಿಲವಾಗಿದ್ದುದನ್ನು ಕಂಡು, ಹಾರಿಸದೆಯೇ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಂಡು ಹೊರಟ. ನೋಡಲು ಬಂದಿದ್ದ ಹುಡುಗರಿಗೆ ನಿರಾಸೆಯಾಯಿತು. ನಾಲ್ಕು ಜನ ನೋಡುತ್ತಿರುವಾಗ ‘ಇಂದು ಬೇಡ’ ಎನ್ನುವುದು ಎಷ್ಟು ಕಷ್ಟವೆಂಬುದು ಸರ್ಕಾರಿ ಕಾರ್ಯಕ್ರಮಗಳ ಉದ್ಘಾಟನಾ ದಿನಾಂಕಗಳ ನಡುವೆ ವೃತ್ತಿಜೀವನ ಕಳೆದ ನನಗೆ ಗೊತ್ತು.

ದೊಡ್ಡದರಲ್ಲೂ ಅದೇ ಪಾಠ

ಇಂಥ ಹವ್ಯಾಸಕ್ಕೂ ಚಳ್ಳಕೆರೆಯ ದೊಡ್ಡ ವಿಮಾನಗಳಿಗೂ ಇರುವ ನಂಟು ಬರಿಯ ಹೋಲಿಕೆಯಲ್ಲ. ರುಸ್ತುಂ ಎಂಬ ಹೆಸರು ಬಂದದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಪ್ರೊ. ರುಸ್ತುಂ ದಮಾನಿಯಾ ಅವರ ನೆನಪಿಗಾಗಿ. ಅವರ ಮುಂದಾಳುತನದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಹಗುರ ಸಂಶೋಧನಾ ವಿಮಾನಕ್ಕೆ ಆಧಾರವಾಗಿದ್ದುದು ಅಮೆರಿಕದ ಬರ್ಟ್ ರುಟಾನ್ ಅವರ ವಿನ್ಯಾಸ. ಹವ್ಯಾಸಿಗಳು ತಮ್ಮ ಮನೆಯ ಶೆಡ್ಡಿನಲ್ಲೇ ಕಟ್ಟಿಕೊಳ್ಳಲೆಂದು ಬಿಡಿಸಿದ ನಕ್ಷೆ ಅದು. ಆ ಸಂಶೋಧನಾ ವಿಮಾನವೇ ಮುಂದೆ ಮಾನವರಹಿತ ರುಸ್ತುಂ-1ಕ್ಕೆ ತಳಹದಿಯಾಯಿತು.

ರುಸ್ತುಂ-1ರ ಮೊದಲ ಹಾರಾಟ 2009ರ ನವೆಂಬರ್‌ನಲ್ಲಿ ಹೊಸೂರಿನ ಬಳಿಯ ವಿಮಾನ ನೆಲೆಯಲ್ಲಿ ನಡೆಯಿತು. ನೆಲದ ಮೇಲಿನ ಓಟವೂ ಮೇಲೇರಿದ್ದೂ ಯೋಜನೆಯಂತೆಯೇ ಆದವು. ಆದರೆ ವಿಮಾನದ ಎತ್ತರವನ್ನು ಅಂದಾಜು ಮಾಡುವಲ್ಲಿ ತಪ್ಪಾಗಿ, ನೆಲದಿಂದ ಕಳಿಸಿದ ಆದೇಶದಂತೆ ಎಂಜಿನ್ ನಿಂತುಹೋಯಿತು; ವಿಮಾನ ಬಿತ್ತು. ಡಿಆರ್‌ಡಿಒ ಈ ಕಾರಣವನ್ನು ಬಹಿರಂಗವಾಗಿಯೇ ಹೇಳಿತು ಎಂಬುದು ಮೆಚ್ಚತಕ್ಕ ಸಂಗತಿ. ದೂರದಲ್ಲಿ ನಿಂತು ಬರಿಗಣ್ಣಿನಿಂದ ಎತ್ತರ ಅಳೆಯುವ ಕಷ್ಟ ಪ್ರತಿಯೊಬ್ಬ ಮಾದರಿ ವಿಮಾನ ಹಾರಿಸುವವನಿಗೂ ಗೊತ್ತು. ಸುಮಾರು ಹನ್ನೊಂದು ತಿಂಗಳ ಬಳಿಕ, 2010ರ ಅಕ್ಟೋಬರ್‌ನಲ್ಲಿ, ಅದೇ ಹೊಸೂರಿನಲ್ಲಿ ರುಸ್ತುಂ-1 ಯಶಸ್ವಿಯಾಗಿ ಹಾರಿತು.

2016ರಲ್ಲಿ ಚಳ್ಳಕೆರೆಯಿಂದ ತಪಸ್ ಹಾರಿದಾಗ ಅದನ್ನು ನಡೆಸಿದವರು ಸಶಸ್ತ್ರ ಪಡೆಗಳ ಪೈಲಟ್‌ಗಳು. ಅವರಲ್ಲಿ ‘ಬಾಹ್ಯ ಪೈಲಟ್’, ‘ಆಂತರಿಕ ಪೈಲಟ್’ ಎಂಬ ಎರಡು ಬಗೆ. ಆಂತರಿಕ ಪೈಲಟ್ ನಿಯಂತ್ರಣ ಕೊಠಡಿಯೊಳಗೆ ಕೂತು ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತ ವಿಮಾನ ನಡೆಸುತ್ತಾನೆ. ಬಾಹ್ಯ ಪೈಲಟ್ ರನ್‌ವೇಯ ಬದಿಯಲ್ಲಿ ನಿಂತು, ಕೈಯಲ್ಲಿ ನಿಯಂತ್ರಣ ಪೆಟ್ಟಿಗೆ ಹಿಡಿದು, ವಿಮಾನವನ್ನು ಕಣ್ಣಾರೆ ನೋಡುತ್ತ ಏರಿಸಿ ಇಳಿಸುತ್ತಾನೆ. ವಿಮಾನ ತನ್ನ ಕಡೆಗೇ ಬರುವಾಗ ಎಡಬಲ ಅದಲುಬದಲಾಗಿ ಕಾಣುವ ಗೊಂದಲವನ್ನು ಗೆಲ್ಲಬೇಕಾದವನು ಅವನು. ಬಯಲಿನಲ್ಲಿ ಒಂದೂವರೆ ಕಿಲೋ ವಿಮಾನ ಹಾರಿಸುವ ಹುಡುಗ ಕಲಿಯುವ ಮೊದಲ ಪಾಠವೂ ಅದೇ.

ಇಸ್ರೊದ ರೆಕ್ಕೆವಾಹನ ‘ಪುಷ್ಪಕ್’ನದು ಇನ್ನೂ ಒಂದು ಹೆಜ್ಜೆ ಮುಂದಿನ ಕಥೆ. ಅದನ್ನು ಇಳಿಸುವವರು ಯಾರೂ ಇಲ್ಲ. ಅದು ತಾನೇ ದಾರಿ ಕಂಡುಕೊಳ್ಳುತ್ತದೆ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. 2023ರ ಏಪ್ರಿಲ್ 2ರ ಮೊದಲ ಪ್ರಯೋಗದ ನಂತರ, 2024ರ ಮಾರ್ಚ್ 22ರಂದು ಅದನ್ನು ರನ್‌ವೇ ರೇಖೆಯಿಂದ ಬೇಕೆಂದೇ 150 ಮೀಟರ್ ಪಕ್ಕಕ್ಕೆ ಬಿಡಲಾಯಿತು. ಜೂನ್ 23ರಂದು 500 ಮೀಟರ್ ಪಕ್ಕಕ್ಕೆ. ಪ್ರತಿ ಸಲವೂ ಕಷ್ಟವನ್ನು ಒಂದೊಂದು ಮೆಟ್ಟಿಲಷ್ಟೇ ಏರಿಸಿದ ಕ್ರಮವನ್ನು ಗಮನಿಸಬೇಕು. ಇಳಿಯುವಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಪ್ರಯಾಣಿಕ ವಿಮಾನಗಳು ಇಳಿಯುವುದು ಸುಮಾರು 260ರಲ್ಲಿ. ನೆಲ ಮುಟ್ಟಿದ ಮೇಲೆ ಪ್ಯಾರಾಚೂಟ್ ಬಿಚ್ಚಿ ವೇಗವನ್ನು ಸುಮಾರು ನೂರಕ್ಕೆ ಇಳಿಸಿದ ನಂತರ ಚಕ್ರದ ಬ್ರೇಕುಗಳ ಕೆಲಸ. ಮೂರೂ ಪ್ರಯೋಗಗಳು ನಡೆದದ್ದು ಬೆಳಗಿನ ಏಳು–ಎಂಟು ಗಂಟೆಯ ನಡುವೆ. ಹವ್ಯಾಸಿಗಳು ಆರಿಸಿಕೊಳ್ಳುವ ಹೊತ್ತೂ ಅದೇ.

ಇಷ್ಟೆಲ್ಲ ಎಚ್ಚರದ ನಡುವೆಯೂ ಅವಘಡಗಳಾಗುತ್ತವೆ. 2019ರ ಸೆಪ್ಟೆಂಬರ್ 17ರಂದು ಪರೀಕ್ಷೆಯಲ್ಲಿದ್ದ ತಪಸ್ ಜೋಡಿಚಿಕ್ಕೇನಹಳ್ಳಿಯ ಬಳಿ ಹೊಲದಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ಇನ್ನೊಂದು ತಪಸ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ಹೊಲಕ್ಕೇ ಬಿತ್ತು. ಅದೃಷ್ಟವಶಾತ್ ಎರಡರಲ್ಲೂ ಜೀವಹಾನಿಯಾಗಲಿಲ್ಲ. ಪರೀಕ್ಷಾ ಕ್ಷೇತ್ರಗಳು ಇರುವುದೇ ಇಂಥ ಸೋಲುಗಳನ್ನು ಜನವಸತಿಯಿಂದ ದೂರದಲ್ಲಿ ಅನುಭವಿಸಲು. ಸೋಲೇ ಇಲ್ಲದ ಪರೀಕ್ಷೆ ಪರೀಕ್ಷೆಯಲ್ಲ. ಆದರೆ ಬಯಲುಸೀಮೆಯ ‘ದೂರ’ ಎಂಬುದೂ ಯಾರದೋ ಶೇಂಗಾ ಹೊಲವೇ ಆಗಿರುತ್ತದೆ.

ತಡೆಯ ಬೆಲೆ, ತಪ್ಪಿನ ಬೆಲೆ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಸಿದ್ಧತೆಯನ್ನು ನಾನು ಇನ್ನೊಂದು ಬಗೆಯಲ್ಲಿ ನೋಡುತ್ತೇನೆ. ಪರೀಕ್ಷೆಗೆ ತಗಲುವ ವೆಚ್ಚ ಚಿಕ್ಕದು, ಆದರೆ ಖಚಿತ. ಅದು ಇಂದೇ ಕಣ್ಣಿಗೆ ಬೀಳುತ್ತದೆ. ಪರೀಕ್ಷೆ ಬಿಟ್ಟರೆ ಆಗಬಹುದಾದ ನಷ್ಟ ದೊಡ್ಡದು, ಆದರೆ ಅನಿಶ್ಚಿತ; ಅದು ನಾಳೆಯ ಮಾತು. ಮನುಷ್ಯ ಸ್ವಭಾವ ಇಂದಿನ ಚಿಕ್ಕ ವೆಚ್ಚವನ್ನು ಉಳಿಸಲು ನಾಳೆಯ ದೊಡ್ಡ ನಷ್ಟವನ್ನು ಮರೆಯುತ್ತದೆ. ಅದರಲ್ಲೂ ನಷ್ಟ ಇನ್ನೊಬ್ಬರ ಪಾಲಿಗೆ ಬೀಳುವಂತಿದ್ದರೆ ಮರೆವು ಇನ್ನೂ ಸುಲಭ. ತಿದ್ದಿಕೊಳ್ಳಲಾಗದ ಹೆಜ್ಜೆಯ ಮುಂದೆ ಕಾಯುವುದಕ್ಕೂ ಒಂದು ಮೌಲ್ಯವಿದೆ ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಕೈಬಿಟ್ಟ ವಿಮಾನವನ್ನು ಮತ್ತೆ ಕೈಗೆ ಕರೆಯಲಾಗದು; ಆದ್ದರಿಂದಲೇ ಕೈಬಿಡುವ ಮುಂಚಿನ ಹತ್ತು ನಿಮಿಷಕ್ಕೆ ಬೆಲೆ.

ಮೊಳಕಾಲ್ಮುರಿನ ನೇಕಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಅವರ ಸೀರೆಯ ಮಗ್ಗದಲ್ಲಿ ಲಾಳಿ ಓಡುವ ಮೊದಲು ಹಾಸಿನ ಎಳೆಗಳನ್ನು ಒಂದೊಂದಾಗಿ ಪೋಣಿಸಬೇಕು. ಒಂದು ಎಳೆ ತಪ್ಪಿದರೆ ಆ ತಪ್ಪು ಸೀರೆಯುದ್ದಕ್ಕೂ ಗೆರೆಯಾಗಿ ಉಳಿಯುತ್ತದೆ. ನೇಯ್ಗೆ ಎಷ್ಟೇ ಚೆನ್ನಾಗಿದ್ದರೂ ಹಾಸಿನಲ್ಲಾದ ತಪ್ಪನ್ನು ಹೊಕ್ಕು ಮುಚ್ಚಲಾರದು.

ಕಾವಲಿನ ನೆಲವನ್ನು ಪರೀಕ್ಷಿಸಿದವರು ಯಾರು?

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾಗದು. ವಿಮಾನಕ್ಕೆ ಇಷ್ಟೊಂದು ಪೂರ್ವಪರೀಕ್ಷೆ ನಡೆಸುವ ನಾವು, ಆ ವಿಮಾನ ನಿಂತಿರುವ ನೆಲಕ್ಕೆ ಎಷ್ಟು ಪರೀಕ್ಷೆ ನಡೆಸಿದೆವು?

ಅದು ಅಮೃತಮಹಲ್ ಕಾವಲಿನ ನೆಲ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂದು ಹೆಸರಿಟ್ಟ. ಆ ರಾಸುಗಳ ಮೇವಿಗಾಗಿ ಕಾದಿರಿಸಿದ ವಿಸ್ತಾರವಾದ ಹುಲ್ಲುಗಾವಲುಗಳಲ್ಲಿ ಚಳ್ಳಕೆರೆಯ ಕಾವಲುಗಳೂ ಸೇರಿವೆ. ಸುತ್ತಲಿನ ಹಳ್ಳಿಗಳ ದನಕುರಿ ಮೇಯುವುದು ಇಲ್ಲಿ. ಮ್ಯಾಸಬೇಡ ಸಮುದಾಯದವರು ಉಳುಮೆಗೆ ಹೂಡದೆ ಭಕ್ತಿಯಿಂದ ಸಾಕುವ ದೇವರ ಎತ್ತುಗಳನ್ನು ಕಿಲಾರಿಗಳು ಮೇಯಿಸುವುದೂ ಇಂಥ ಬಯಲುಗಳಲ್ಲಿ. ಕಂಬಳಿಗೆ ಉಣ್ಣೆ ಬರುವುದೂ ಇದೇ ಹುಲ್ಲಿನಿಂದ. ಕೃಷ್ಣಮೃಗಗಳ ನೆಲೆಯೂ ಇದೇ. ಕಂದಾಯ ದಾಖಲೆಯ ಕಣ್ಣಿಗೆ ಇದು ಖಾಲಿ ಜಮೀನು. ದನಗಾಹಿಯ ಕಣ್ಣಿಗೆ ತುಂಬಿದ ಕಣಜ.

2010ರ ಆಸುಪಾಸಿನಲ್ಲಿ ಈ ಕಾವಲುಗಳಿಂದ ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಮಂಜೂರಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಸ್ರೊಗಳಿಗೂ ಪಾಲು ಸಿಕ್ಕಿತು. ಉದ್ದುದ್ದನೆಯ ಗೋಡೆಗಳು ಏಳತೊಡಗಿದಾಗಲೇ ಎಷ್ಟೋ ಹಳ್ಳಿಗರಿಗೆ ಸಂಗತಿಯ ಪೂರ್ಣ ಆಕಾರ ತಿಳಿದದ್ದು. ಪ್ರತಿಭಟನೆಗಳಾದವು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೆ ಹೋಯಿತು. 2014ರಲ್ಲಿ ಅಲ್ಲಿಂದ ಆದೇಶ ಬಂದು, ಯೋಜನೆಗಳು ಮುಂದುವರಿದವು.

ದೇಶದ ರಕ್ಷಣೆಗೆ, ವಿಜ್ಞಾನಕ್ಕೆ ಇಂಥ ಕ್ಷೇತ್ರಗಳು ಬೇಡವೆಂದು ನಾನು ಹೇಳಲಾರೆ. ವಿಮಾನ ಪರೀಕ್ಷಿಸಲು ವಿರಳ ಜನವಸತಿಯ, ಮೋಡ ಕಡಿಮೆಯಿರುವ, ಮಟ್ಟಸ ನೆಲ ಬೇಕು. ಅದು ಎಲ್ಲೆಡೆ ಸಿಗುವುದಿಲ್ಲ. ಬೆಂಗಳೂರಿನ ಸುತ್ತಲಿನ ಆಕಾಶ ಪ್ರಯಾಣಿಕ ವಿಮಾನಗಳಿಂದ ತುಂಬಿರುವಾಗ ಚಳ್ಳಕೆರೆಯ ಆಯ್ಕೆಗೆ ತಾಂತ್ರಿಕ ಸಮರ್ಥನೆ ಇದ್ದೇ ಇದೆ. ನನ್ನ ತಕರಾರು ಆಯ್ಕೆಯ ಬಗ್ಗೆ ಅಲ್ಲ, ಸಿದ್ಧತೆಯ ಬಗ್ಗೆ. ಈ ಬಯಲಿನ ಮೇಲೆ ಎಷ್ಟು ಜಾನುವಾರು ಅವಲಂಬಿಸಿವೆ, ಮೇವಿಗೆ ಪರ್ಯಾಯವೇನು, ದೇವರ ಎತ್ತುಗಳ ದಾರಿ ಯಾವುದು, ಕೆರೆಗೆ ಹರಿಯುವ ಹಳ್ಳ ಯಾವ ಗೋಡೆಯ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಪ್ರಶ್ನೆಗಳು ಗೋಡೆ ಏಳುವ ಮೊದಲು ಗ್ರಾಮಸಭೆಗಳಲ್ಲಿ ಎದ್ದಿದ್ದರೆ ಅದು ಪೂರ್ವಪರೀಕ್ಷೆ. ಗೋಡೆ ಎದ್ದ ಮೇಲೆ ನ್ಯಾಯಮಂಡಳಿಯಲ್ಲಿ ಎದ್ದದ್ದರಿಂದ ಅದು ಅಪಘಾತದ ತನಿಖೆಯಂತಾಯಿತು. ಗ್ರಾಮಸಭೆಯ ಮಾತಿಗೆ ಹಾರಾಟ ತಡೆಯುವ ಬಲ ಇಲ್ಲದೆ ಹೋದರೆ ಅದೂ ಪರೀಕ್ಷೆಯಲ್ಲ, ಸಹಿ ಸಂಗ್ರಹ.

ಇನ್ನೂ ಆಗಬಹುದಾದದ್ದು

ಹಿಂದಿನದನ್ನು ತಿದ್ದಲಾಗದಿದ್ದರೂ ಮುಂದಿನ ಹಾರಾಟಗಳಿಗೆ ಸಿದ್ಧತೆ ಮಾಡಿಕೊಳ್ಳಲು ಅಡ್ಡಿಯಿಲ್ಲ. ಮೂರು ಸಂಗತಿಗಳನ್ನು ಇಲ್ಲಿ ಸೂಚಿಸಬಯಸುತ್ತೇನೆ.

ಮೊದಲನೆಯದು, ವಿಮಾನ ಹೊಲಕ್ಕೆ ಬಿದ್ದರೆ ಏನು ಎಂಬ ಪ್ರಶ್ನೆಗೆ ಬೀಳುವ ಮೊದಲೇ ಬರೆದಿಟ್ಟ ಉತ್ತರ. ಅವಶೇಷ ಬಿದ್ದಾಗ ಜನ ಗುಂಪುಗೂಡುವುದು ಸಹಜ. ಅದರಲ್ಲಿ ಇಂಧನವಿರಬಹುದು, ಬ್ಯಾಟರಿಯಿರಬಹುದು. ಎಷ್ಟು ದೂರ ನಿಲ್ಲಬೇಕು, ಯಾರಿಗೆ ತಿಳಿಸಬೇಕು, ಬೆಳೆ ಹಾನಿಗೆ ಎಷ್ಟು ದಿನದೊಳಗೆ ಯಾವ ಕಚೇರಿಯಿಂದ ಪರಿಹಾರ ಎಂಬುದನ್ನು ಸುತ್ತಲಿನ ಪ್ರತಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಬರೆಯಬೇಕು. ರಕ್ಷಣಾ ರಹಸ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಟ್ರಾನ್ಸ್‌ಮಿಟರ್ ಆರಿಸಿ ನೋಡುವ ಪರೀಕ್ಷೆಯ ಆಡಳಿತಾತ್ಮಕ ರೂಪವಿದು.

ಎರಡನೆಯದು, ಗೋಡೆಯೊಳಗಿನ ಹುಲ್ಲು. ಇಂಥ ಕ್ಷೇತ್ರಗಳಲ್ಲಿ ರನ್‌ವೇ ಮತ್ತು ಕಟ್ಟಡಗಳು ತೆಗೆದುಕೊಳ್ಳುವ ಜಾಗ ಒಟ್ಟು ಭೂಮಿಯ ಒಂದು ಪಾಲು ಮಾತ್ರ. ಹಾರಾಟವಿಲ್ಲದ ದಿನಗಳಲ್ಲಿ, ಭದ್ರತೆಗೆ ಧಕ್ಕೆಯಾಗದ ಅಂಚಿನ ಪ್ರದೇಶಗಳಲ್ಲಿ, ಹುಲ್ಲು ಕೊಯ್ದುಕೊಳ್ಳುವ ಹಕ್ಕನ್ನು ಹತ್ತಿರದ ಹಳ್ಳಿಗಳಿಗೆ ಲಿಖಿತ ಒಪ್ಪಂದದಿಂದ ಕೊಡಬಹುದು. ಒಣಹುಲ್ಲಿಗೆ ಬೆಂಕಿ ಬೀಳುವ ಭಯವೂ ಇದರಿಂದ ತಗ್ಗುತ್ತದೆ.

ಮೂರನೆಯದು ಮಕ್ಕಳದ್ದು. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ತರಬೇತಿ ನೀಡುವ ಕೇಂದ್ರ ಕೆಲಸ ಮಾಡುತ್ತಿದೆ. ಅಲ್ಲಿ ತರಬೇತಿ ಪಡೆಯುವ ಈ ಎರಡು ತಾಲ್ಲೂಕುಗಳ ಶಿಕ್ಷಕರು ಮಾದರಿ ವಿಮಾನ ಕಟ್ಟುವುದನ್ನೂ ಕಲಿತು ತಮ್ಮ ಪ್ರೌಢಶಾಲೆಗಳಿಗೆ ಒಯ್ಯಬಾರದೇಕೆ? ಮೋಟಾರಿಲ್ಲದ ಥರ್ಮೊಕೋಲ್ ಗ್ಲೈಡರಿನಿಂದ ಆರಂಭಿಸಬಹುದು. ಸಮತೋಲದ ಪಾಠಕ್ಕೆ ಅಷ್ಟೇ ಸಾಕು. ರೇಡಿಯೊ ಸಮೇತ ಒಂದು ಕಲಿಕಾ ವಿಮಾನದ ವೆಚ್ಚ ಸಾಧಾರಣ ಮೊಬೈಲ್ ಫೋನಿನ ಬೆಲೆಗಿಂತ ಬಹಳ ಹೆಚ್ಚೇನಲ್ಲ. 2021ರ ಡ್ರೋನ್ ನಿಯಮಗಳು ಶಿಕ್ಷಣ ಮತ್ತು ಹವ್ಯಾಸಕ್ಕಾಗಿ ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋ ಮೀರದ ಮಾದರಿಗಳನ್ನು ಪ್ರತ್ಯೇಕವಾಗಿಯೇ ಗುರುತಿಸಿವೆ. ಆದರೆ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಿದ ಸರ್ಕಾರಿ ನಕ್ಷೆಯನ್ನು ನೋಡದೆ ಎಲ್ಲೂ ಹಾರಿಸುವಂತಿಲ್ಲ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯೇ ಬೇಕು. ಪರೀಕ್ಷಾ ಕ್ಷೇತ್ರದ ನೆರೆಯವರಿಗೆ ಈ ಎಚ್ಚರ ಎಲ್ಲರಿಗಿಂತ ಹೆಚ್ಚು ಅಗತ್ಯ. ನಕ್ಷೆ ನೋಡುವುದೂ ಪೂರ್ವಪರೀಕ್ಷೆಯ ಒಂದು ಅಂಶವೆಂದೇ ಮಕ್ಕಳಿಗೆ ಕಲಿಸಬೇಕು.

ಇಂದು ಚಳ್ಳಕೆರೆಯ ಹಳ್ಳಿಯ ಹುಡುಗ ಅಥವಾ ಹುಡುಗಿಗೆ ವೈಮಾನಿಕ ವಿಜ್ಞಾನ ಎಂದರೆ ಕಾಣುವುದು ಒಂದು ಗೋಡೆ, ಕೇಳುವುದು ಮೋಡದಾಚೆಯ ಒಂದು ಸದ್ದು. ಅವರ ಅಜ್ಜ ದನ ಮೇಯಿಸಿದ ನೆಲದಿಂದ ಏರುವ ವಿಮಾನದ ಬಗ್ಗೆ ಅವರಿಗೆ ಗೊತ್ತಿರುವುದು ಟಿವಿಯಲ್ಲಿ ನೋಡುವ ಬೆಂಗಳೂರಿನ ಮಕ್ಕಳಿಗೆ ಗೊತ್ತಿರುವಷ್ಟೇ. ಆ ಮಕ್ಕಳ ಕೈಗೆ ಒಂದು ವಿಮಾನ ಕೊಟ್ಟು, ಎರಡು ಬೆರಳ ಮೇಲೆ ತೂಗಿ ನೋಡಲು ಹೇಳಬೇಕು. ಬಾಲ ಏಕೆ ಕುಸಿಯಿತು, ಬ್ಯಾಟರಿಯನ್ನು ಎತ್ತ ಸರಿಸಬೇಕು ಎಂದು ಅವರೇ ಕಂಡುಕೊಳ್ಳಲಿ. ಸರಿಯಿಲ್ಲವೆಂದು ಕಂಡರೆ ‘ಇವತ್ತು ಹಾರಿಸೋದು ಬೇಡ ಸಾರ್’ ಎಂದು ಮೇಷ್ಟರಿಗೇ ಹೇಳುವ ಧೈರ್ಯ ಅವರಿಗೆ ಬರಲಿ.

ಹಾಗೆ ಬೆಳೆದವರಲ್ಲಿ ಕೆಲವರಾದರೂ ಮುಂದೊಂದು ದಿನ ವರವು ಕಾವಲಿನ ರನ್‌ವೇ ಬದಿಯಲ್ಲಿ ಪೆಟ್ಟಿಗೆ ಹಿಡಿದು ನಿಂತಾರು. ಇನ್ನು ಕೆಲವರು ಕಡತದ ಮೇಲೆ ಸಹಿ ಹಾಕುವ ಕುರ್ಚಿಯಲ್ಲಿ ಕೂತಾರು. ಎರಡು ಕಡೆಯಲ್ಲೂ ಅವರ ಮುಂದೆ ಒಂದೇ ಪ್ರಶ್ನೆ ಇರುತ್ತದೆ: ಹಾರಿಸಲು ಆತುರವಿದೆ, ಆದರೆ ನೆಲದ ಕೆಲಸ ಮುಗಿದಿದೆಯೇ?